ಅಪ್‌ಡೇಟ್: ಬೆಡ್‌ಸೋರ್ ಮೇಲಿನ ನನ್ನ ರಿಸರ್ಚ್ ಪ್ರಶ್ನೆ ಒಂದು ಹದಕ್ಕೆ ಬಂತು

ಹುಬ್ಬಳ್ಳಿಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. 'ಐಸಿಯುನಲ್ಲಿ ಬೆಡ್‌ಸೋರ್ (ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದಾಗ ಒತ್ತಡದಿಂದ ಆಗುವ ಹುಣ್ಣು) ತಡೆಯುವುದು ಹೇಗೆ' ಅನ್ನೋ ವಿಷಯಕ್ಕೆ ಗೈಡ್ ಮೇಡಂ, "ಭಾಳ ದೊಡ್ಡದಾತು, ಸಣ್ಣದು ಮಾಡ್ಕೊಂಡು ಬಾರವಾ" ಅಂದಿದ್ದರು. ಏನು ಮಾಡಲಿ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ರಿಸರ್ಚ್ ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ಬರೆಯುವ ಪಿಕೊ (PICO) ಕ್ರಮದ ಪ್ರಕಾರ ಬರೆಯಿರಿ ಅಂದಿರಿ: ರೋಗಿ ಯಾರು, ಏನು ಮಾಡ್ತೀವಿ, ಯಾವುದಕ್ಕೆ ಹೋಲಿಸ್ತೀವಿ, ಏನನ್ನು ಅಳೆಯುತ್ತೀವಿ. ತುಂಬಾ ಉಪಕಾರ ಆಯ್ತು.

ಈಗಿನ ಪ್ರಶ್ನೆ: ವೆಂಟಿಲೇಟರ್ ಮೇಲಿರುವ ವಯಸ್ಕರಿಗೆ ಫೋಮ್ ಹಾಸಿಗೆ ಇದ್ದಾಗ, 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದಕ್ಕೂ 3 ಗಂಟೆಗೊಮ್ಮೆ ಬದಲಿಸುವುದಕ್ಕೂ ಹೊಸ ಬೆಡ್‌ಸೋರ್ ಆಗುವುದರಲ್ಲಿ ವ್ಯತ್ಯಾಸ ಇದೆಯಾ?

'ರೋಗಿ ಯಾರು' ಅನ್ನೋದು ಎಷ್ಟು ಮುಖ್ಯ ಅಂತ ಹುಡುಕುವಾಗ ಗೊತ್ತಾಯ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2, 3, 4 ಗಂಟೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದರಲ್ಲಿದ್ದ ರೋಗಿಗಳೆಲ್ಲ ಅಮೆರಿಕ, ಕೆನಡಾದ ನರ್ಸಿಂಗ್ ಹೋಮ್‌ಗಳಲ್ಲಿದ್ದ ಹಿರಿಯರು. ಒಳ್ಳೆಯ ಫೋಮ್ ಹಾಸಿಗೆಯೂ ಇತ್ತು. ಅದನ್ನು ನಮ್ಮ ಐಸಿಯುಗೆ ಹಾಗೇ ತರೋಕೆ ಆಗಲ್ಲ, ಅಲ್ವಾ?

ಅಳೆಯೋದೇ ಜಾಸ್ತಿ ಕಷ್ಟ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಜಾಗ ಕೆಂಪಾಗಿದ್ದರೆ ಬೆರಳಿಂದ ಒತ್ತಿ ನೋಡ್ತೀವಿ. ಬಿಳಿಚಿಕೊಳ್ಳದಿದ್ದರೆ ಅದು ಬೆಡ್‌ಸೋರ್‌ನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸರಿಯಾಗಿ ಕಾಣಲ್ಲ. ಮುಟ್ಟಿ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಸುತ್ತಲಿನ ಚರ್ಮದ ಜೊತೆ ಹೋಲಿಸಬೇಕು. ಇದನ್ನೂ ಚೆಕ್‌ಲಿಸ್ಟ್‌ಗೆ ಸೇರಿಸಿದೆ. ಬೆಡ್‌ಸೋರ್ ಆಗುವ ಅಪಾಯಕ್ಕೆ ಅಂಕ ಕೊಡುವ ಬ್ರೇಡನ್ ಸ್ಕೇಲ್ ಹೇಗೂ ಇದೆ, ಅಂಕ ಕಡಿಮೆ ಇದ್ದಷ್ಟೂ ಅಪಾಯ ಜಾಸ್ತಿ.

ಮೇಡಂ ಒಪ್ಪಿದ್ದಾರೆ. ಮುಂದೆ ಎಥಿಕ್ಸ್ ಕಮಿಟಿ. ವೆಂಟಿಲೇಟರ್ ರೋಗಿಗಳ ಮನೆಯವರಿಂದ ಒಪ್ಪಿಗೆ ಪತ್ರ ತಗೊಂಡ ಅನುಭವ ಇರುವವರು ದಯವಿಟ್ಟು ಹೇಳಿ.