360 ಡಿಗ್ರಿ ಟೂರ್‌ನಲ್ಲಿ ಸ್ಕ್ರೀನ್ ರೀಡರ್ ಬಾಯಿ ಬಿಡುತ್ತಿಲ್ಲ, ಟ್ಯಾಬ್ ಒತ್ತಿದರೆ ಫೋಕಸ್ ಮಾಯ

ಸುತ್ತುನೋಟ

ಒಂದು ಗ್ರಂಥಾಲಯಕ್ಕೆ ವರ್ಚುವಲ್ ಟೂರ್ ಮಾಡಿಕೊಟ್ಟಿದ್ದೇನೆ. ಏಳು ಪನೋರಮಾ, ಎಲ್ಲವೂ 2:1 ಅನುಪಾತದ ಪೂರ್ಣಗೋಳ ಚಿತ್ರಗಳು. ಚಿತ್ರ ತೋರಿಸುವ ವ್ಯೂವರ್ ಪ್ಯಾನೆಲ್ಲಮ್, ಪುಟದಲ್ಲಿ ಐಫ್ರೇಮ್ (ಪುಟದೊಳಗೊಂದು ಪುಟ) ಮೂಲಕ ಕೂರಿಸಿದೆ. ಮೌಸ್ ಹಿಡಿದವರಿಗೂ ಫೋನಿನಲ್ಲಿ ಬೆರಳಾಡಿಸುವವರಿಗೂ ತಕರಾರಿಲ್ಲ. ಆದರೆ ಅಲ್ಲಿನ ಅಂಧ ಸದಸ್ಯರೊಬ್ಬರು ತಮ್ಮ ಸ್ಕ್ರೀನ್ ರೀಡರ್ (ಪರದೆಯ ಪಠ್ಯ ಓದಿ ಹೇಳುವ ತಂತ್ರಾಂಶ) ಬಗ್ಗೆ "ಫ್ರೇಮ್ ಅನ್ನುತ್ತೆ, ಆಮೇಲೆ ಸುಮ್ಮನಾಗುತ್ತೆ" ಎಂದು ಬರೆದರು.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು ನಾನೇ ನೋಡಿದೆ. ಬಾಣದ ಕೀಲಿ ಒತ್ತಿದರೆ ಚಿತ್ರ ತಿರುಗುವ ಬದಲು ಕರ್ಸರ್ ಪುಟದ ಮುಂದಿನ ಸಾಲಿಗೆ ಹೋಗುತ್ತದೆ. ಬೇರೆ ಕೋಣೆಗೆ ಹೋಗಲು ಚಿತ್ರದ ಮೇಲೆ ಒತ್ತುವ ಗುರುತುಗಳಿಗೆ, ಅಂದರೆ ಹಾಟ್‌ಸ್ಪಾಟ್‌ಗಳಿಗೆಲ್ಲ, ಟ್ಯಾಬ್ ಕೀಲಿ ತಲುಪಲೆಂದು ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಟ್ಟೆ. ಟ್ಯಾಬ್ ಕೆಲವಕ್ಕೆ ಹೋಗುತ್ತದೆ, ಕೆಲವಕ್ಕೆ ಹೋಗುವುದೇ ಇಲ್ಲ. ಹೋದದ್ದೂ ಚಿತ್ರ ಸ್ವಲ್ಪ ತಿರುಗಿದರೆ ಮಾಯ. ಎಂಟರ್ ಒತ್ತಿದರೆ ಏನೂ ಆಗುವುದಿಲ್ಲ. ಇಷ್ಟು ದೊಡ್ಡ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರವನ್ನು ಮಾತಿನಲ್ಲಿ ಹೇಳುವ ಪಠ್ಯ) ಎಲ್ಲಿ ಹಾಕಬೇಕು ಎಂಬುದೂ ತಿಳಿಯುತ್ತಿಲ್ಲ. ಬಲ್ಲವರು ದಾರಿ ತೋರಿಸಿ.

ಕೀಲಿಮಣೆ

ಸರ್, ನೀವು ಹೇಳಿದ್ದೆಲ್ಲ ಒಂದೇ ಗಂಟಿನಂತೆ ಕಂಡರೂ ಬೇರೆ ಬೇರೆ ಕಾರಣಗಳಿವೆ.

"ಫ್ರೇಮ್" ಎಂದಷ್ಟೇ ಹೇಳುವುದು ಐಫ್ರೇಮ್‌ಗೆ ಟೈಟಲ್ ಇಲ್ಲದ್ದಕ್ಕೆ. ಒಂದು ಸಾಲಿನ ಕೆಲಸ, ಮಾಡಿ ಮುಗಿಸಿ.

ಆಮೇಲಿನ ಮೌನಕ್ಕೆ ಕಾರಣ ಕ್ಯಾನ್ವಾಸ್, ಅಂದರೆ ಪುಟದಲ್ಲಿ ಚಿತ್ರ ಬಿಡಿಸುವ ಹಲಗೆ. ವೆಬ್‌ಜಿಎಲ್‌ನಲ್ಲಿ ಬಿಡಿಸಿದ ದೃಶ್ಯ ಬ್ರೌಸರ್‌ಗೆ ಬರೀ ಬಣ್ಣದ ಚುಕ್ಕೆಗಳು. ಅದರೊಳಗೆ ಮೇಜಿದೆ, ಬಾಗಿಲಿದೆ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಯಾವ ಎಲಿಮೆಂಟೂ ಅಲ್ಲಿಲ್ಲ. ಕೆಆರ್‌ಪಾನೋ, ಮಾರ್ಜಿಪಾನೋ, ಯಾವುದಕ್ಕೆ ಬದಲಾಯಿಸಿದರೂ ಈ ಮೂಲ ಸಂಗತಿ ಹಾಗೇ ಇರುತ್ತದೆ. ಆದ್ದರಿಂದ ವ್ಯೂವರ್ ಬದಲಿಸುವ ಯೋಚನೆ ಇದ್ದರೆ ಬಿಡಿ.

ಇನ್ನು ಫೋಕಸ್, ಅಂದರೆ ಕೀಬೋರ್ಡ್ ಈಗ ಪುಟದಲ್ಲಿ ಎಲ್ಲಿ ನಿಂತಿದೆ ಎಂಬುದು. ಪ್ಯಾನೆಲ್ಲಮ್‌ನಲ್ಲಿ ಹಾಟ್‌ಸ್ಪಾಟ್ ಎಂದರೆ ಕ್ಯಾನ್ವಾಸ್ ಮೇಲೆ ತೇಲುವ ಒಂದು ಡಿವ್, ಅಂದರೆ ಎಚ್‌ಟಿಎಂಎಲ್‌ನ ಬರೀ ಡಬ್ಬಿ. ನೋಟದಿಂದ ಆಚೆ ಹೋದಾಗ ಅದರ ವಿಸಿಬಿಲಿಟಿ ಹಿಡನ್ (ಮರೆ) ಆಗುತ್ತದೆ. ಹಿಡನ್ ಆದದ್ದಕ್ಕೆ ಫೋಕಸ್ ಹೋಗದು, ಅಲ್ಲೇ ಇದ್ದ ಫೋಕಸ್ ಕೂಡ ಉಳಿಯದು. ನಿಮ್ಮ ಬೆನ್ನ ಹಿಂದಿರುವ ಬಾಗಿಲಿಗೆ ಟ್ಯಾಬ್ ಯಾಕೆ ತಲುಪಲಿಲ್ಲ ಎಂಬುದಕ್ಕೆ ಇದೇ ಉತ್ತರ. ಎಂಟರ್ ಕೆಲಸ ಮಾಡದ್ದು ಡಿವ್ ಬಟನ್ ಅಲ್ಲವಾದ್ದರಿಂದ. ಟ್ಯಾಬ್‌ಇಂಡೆಕ್ಸ್ ಕೊಟ್ಟ ಮಾತ್ರಕ್ಕೆ ಎಂಟರ್‌ನಿಂದ ಕ್ಲಿಕ್ ಹುಟ್ಟುವುದಿಲ್ಲ.

ಬಾಣದ ಕೀಲಿಗಳನ್ನು ಎನ್‌ವಿಡಿಎ ಪುಟ ಓದುವ ಬ್ರೌಸ್ ಮೋಡ್‌ನಲ್ಲಿ ತಾನೇ ಇಟ್ಟುಕೊಳ್ಳುತ್ತದೆ, ಪುಟಕ್ಕೆ ಕಳಿಸುವುದಿಲ್ಲ. ವ್ಯೂವರ್ ಡಬ್ಬಿಗೆ ರೋಲ್ ಅಪ್ಲಿಕೇಶನ್ (ಕೀಲಿಗಳನ್ನು ತಾನೇ ನಿಭಾಯಿಸುವ ಭಾಗ ಎಂಬ ಗುರುತು) ಕೊಟ್ಟರೆ ಫೋಕಸ್ ಬಂದಾಗ ಕೀಲಿಗಳು ಒಳಗೆ ಹೋಗುತ್ತವೆ. ಆ ಡಬ್ಬಿಗೊಂದು ಹೆಸರು ಇರಲಿ, ಓದಬೇಕಾದ ಪಠ್ಯವನ್ನು ಮಾತ್ರ ಅದರೊಳಗೆ ಇಡಬೇಡಿ.

ಕಿವಿಯೋದು

ನಾನು ದಿನವೂ ಎನ್‌ವಿಡಿಎಯಲ್ಲೇ ಕೆಲಸ ಮಾಡುವವನು. ಕೀಲಿಮಣೆಯವರು ಕಾರಣಗಳನ್ನು ಸರಿಯಾಗಿ ಹೇಳಿದ್ದಾರೆ. ಕೊನೆಯ ಸಲಹೆಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಆ ಡಬ್ಬಿಯೊಳಗೆ ನನ್ನನ್ನು ಇಳಿಸಿ ಎಡಬಾಣ ಒತ್ತಿಸಿದರೆ ನನಗೆ ಸಿಗುವುದೇನು? ಚಿತ್ರ ಹತ್ತು ಡಿಗ್ರಿ ತಿರುಗಿತು ಎನ್ನೋಣ. ನನಗೆ ಗೊತ್ತಾಗುವುದಿಲ್ಲ. ತಿರುಗಿದ್ದನ್ನೆಲ್ಲ ಲೈವ್ ರೀಜನ್‌ನಲ್ಲಿ (ಬದಲಾದದ್ದನ್ನು ಸ್ಕ್ರೀನ್ ರೀಡರ್ ತಾನೇ ಓದುವ ಜಾಗ) ಹೇಳಿಸುತ್ತೇವೆ ಎಂದು ಕೆಲವರು ಹೊರಡುತ್ತಾರೆ. "37 ಡಿಗ್ರಿ, 38 ಡಿಗ್ರಿ" ಎಂದು ವಟಗುಟ್ಟುವ ಟೂರ್‌ಗಳನ್ನು ಕೇಳಿ ಸಾಕಾಗಿದೆ. ಗೋಳ ಸುತ್ತುವುದು ಕಣ್ಣಿದ್ದವರ ಸಲಕರಣೆ. ಮಂದದೃಷ್ಟಿಯಿದ್ದು ಕೀಬೋರ್ಡ್ ಬಳಸುವವರಿಗೆ ಅದು ಬೇಕು, ಇರಲಿ. ನನಗೆ ಬೇಕಾದ್ದು ಬೇರೆ: ಈಗ ಯಾವ ಕೋಣೆಯಲ್ಲಿದ್ದೇನೆ, ಅಲ್ಲೇನಿದೆ, ಇಲ್ಲಿಂದ ಎಲ್ಲಿಗೆ ಹೋಗಬಹುದು.

ಈ ಮೂರನ್ನೂ ಕ್ಯಾನ್ವಾಸ್‌ನಿಂದ ಹೊರಗೆ ತಂದು, ಚಿತ್ರದ ಕೆಳಗೆ ಮಾಮೂಲಿ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ಕೋಣೆಯ ಹೆಸರಿಗೊಂದು ಹೆಡಿಂಗ್, ವಿವರಣೆಗೊಂದು ಪ್ಯಾರಾ, ದಾರಿಗಳಿಗೆ ಬಟನ್‌ಗಳ ಪಟ್ಟಿ. ಅದು ಎಲ್ಲರಿಗೂ ಕಾಣುವಂತಿರಲಿ. ಸ್ಕ್ರೀನ್ ರೀಡರ್‌ಗೆಂದೇ ಬಚ್ಚಿಟ್ಟ ಪಠ್ಯ ಮುಂದಿನ ಅಪ್‌ಡೇಟ್‌ನಲ್ಲಿ ಹಳತಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರು ಹೇಳಿ ಬಟನ್ ಒತ್ತಿಸುವ ಧ್ವನಿ ನಿಯಂತ್ರಣದವರಿಗೂ ಪರದೆ ಮೇಲೆ ಕಾಣುವ ಹೆಸರೇ ಬೇಕು.

ಕೀಲಿಮಣೆ

ಒಪ್ಪಿದೆ. ಹಾಗಾದರೆ ಐಫ್ರೇಮ್ ಕೈಬಿಟ್ಟು ವ್ಯೂವರನ್ನು ನೇರವಾಗಿ ಪುಟದಲ್ಲೇ ಕೂರಿಸಿ. ಆಗ ಹೊರಗಿನ ಬಟನ್‌ನಿಂದ ಚಿತ್ರವನ್ನು ಆಡಿಸುವುದು ಸಲೀಸು. ಬಟನ್‌ಗೆ ಫೋಕಸ್ ಬಂದಾಗ ಪ್ಯಾನೆಲ್ಲಮ್‌ನ ಲುಕ್‌ಅಟ್ ಫಂಕ್ಷನ್ ಕರೆದು ಆ ಬಾಗಿಲ ಕಡೆ ಚಿತ್ರ ತಿರುಗಿಸಿ, ಒತ್ತಿದಾಗ ಆ ಕೋಣೆ ತೆರೆಯುವ ಲೋಡ್‌ಸೀನ್ ಕರೆಯಿರಿ. ನೋಡಬಲ್ಲ ಕೀಬೋರ್ಡ್ ಬಳಕೆದಾರರಿಗೆ ತಾವು ಯಾವ ಬಾಗಿಲ ಮಾತಾಡುತ್ತಿದ್ದೇವೆ ಎಂಬುದು ಚಿತ್ರದಲ್ಲೇ ಸಿಗುತ್ತದೆ. ಪಟ್ಟಿ ಬಂದಮೇಲೆ ಹಾಟ್‌ಸ್ಪಾಟ್‌ಗಳಿಗೆ ನೀವು ಕೊಟ್ಟ ಟ್ಯಾಬ್‌ಇಂಡೆಕ್ಸ್ ತೆಗೆದುಹಾಕಿ, ಅವು ಮೌಸ್‌ಗೆ ಇರಲಿ.

ತಿರುಗಿಸುವುದಕ್ಕೂ ಎಡ, ಬಲ, ಮೇಲೆ, ಕೆಳಗೆ ಎಂಬ ನಿಜವಾದ ಬಟನ್‌ಗಳಿರಲಿ, ಒಮ್ಮೆ ಒತ್ತಿದರೆ 30 ಡಿಗ್ರಿ. ಕೈ ನಡುಗುವವರು, ತಲೆಯಿಂದ ಪಾಯಿಂಟರ್ ನಡೆಸುವವರು ಒತ್ತಿ ಎಳೆಯಲಾರರು. 2023ರಲ್ಲಿ ಬಂದ, ವೆಬ್ ಎಲ್ಲರಿಗೂ ಎಟಕುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2ರ 2.5.7ನೇ ಮಾನದಂಡ ಕೇಳುವುದು ಇದನ್ನೇ: ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ಬರಬೇಕು. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಆನ್ ಇದ್ದಾಗಲೂ ಒಂದು ಬೆರಳಿನ ಸರಿದಾಟ ವ್ಯೂವರ್ ತನಕ ಹೋಗುವುದಿಲ್ಲ, ಅದು ಎಲಿಮೆಂಟ್‌ನಿಂದ ಎಲಿಮೆಂಟ್‌ಗೆ ಹಾರುವುದಕ್ಕೆ ಖರ್ಚಾಗುತ್ತದೆ.

ಸುತ್ತುನೋಟ

ವಿವರಣೆಗೆ ಹೀಗೆ ಬರೆದಿದ್ದೇನೆ, ಸಾಕೇ? "ವಿಶಾಲವಾದ, ಸುಂದರವಾದ ವಾಚನಾಲಯದ 360 ಡಿಗ್ರಿ ನೋಟ. ಗಾಳಿ ಬೆಳಕು ಯಥೇಚ್ಛವಾಗಿದೆ."

ಕಿವಿಯೋದು

ಇದು ಜಾಹೀರಾತಾಯಿತು ಸರ್! ಸುಂದರ ಎಂದರೆ ನಾನು ನಂಬಬೇಕಷ್ಟೆ, ತಿಳಿದುಕೊಳ್ಳುವುದು ಏನೂ ಇಲ್ಲ. 360 ಡಿಗ್ರಿ ಎಂಬುದೂ ಪ್ರತಿ ಕೋಣೆಗೂ ಬೇಡ.

ನಿಮ್ಮ ಚಿತ್ರವನ್ನು ಗೆಳೆಯರೊಬ್ಬರಿಂದ ಹೇಳಿಸಿಕೊಂಡು ಬರೆಯುತ್ತಿದ್ದೇನೆ: "ವಾಚನಾಲಯ. ಮುಖ್ಯ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೀರಿ. ಎದುರಿಗೆ ಎರಡು ಸಾಲು ಉದ್ದ ಮೇಜು, ನಡುವೆ ಓಡಾಡುವ ದಾರಿ. ಬಲಗೋಡೆಯ ಉದ್ದಕ್ಕೂ ಪತ್ರಿಕೆಗಳ ಕಪಾಟು. ಎಡಕ್ಕೆ ಪುಸ್ತಕ ಪಡೆಯುವ ಕೌಂಟರ್, ಅದರ ಪಕ್ಕದ ಬಾಗಿಲು ಮಕ್ಕಳ ವಿಭಾಗಕ್ಕೆ. ಬೆನ್ನ ಹಿಂದಿನ ಬಾಗಿಲು ಪಡಸಾಲೆಗೆ."

ಮೊದಲು ನಿಂತ ಜಾಗ ಹೇಳಿದ್ದನ್ನು ಗಮನಿಸಿ. ಪನೋರಮಾದಲ್ಲಿ ಎಡ ಬಲಕ್ಕೆ ಅರ್ಥ ಬರುವುದು ಅದರಿಂದಲೇ. ತಿರುಗಿದ ಮೇಲೆ ಎಡ ಎಂಬುದು ಯಾರ ಎಡ? ಒಳಬಂದ ಬಾಗಿಲನ್ನು ಗೂಟ ಮಾಡಿಕೊಂಡು ಪ್ರತಿ ಕೋಣೆಯನ್ನೂ ಒಂದೇ ಕ್ರಮದಲ್ಲಿ ಸುತ್ತಿ ಬನ್ನಿ. ಗಡಿಯಾರದ ದಿಕ್ಕು ಹಿಡಿದು "ಮೂರು ಗಂಟೆಯ ಕಡೆ" ಎಂದರೂ ನಮ್ಮಲ್ಲಿ ಬಹಳ ಮಂದಿಗೆ ಹೊಂದುತ್ತದೆ. ಯಾವುದಾದರೂ ಸರಿ, ಏಳೂ ಕೋಣೆಗೆ ಒಂದೇ ಇರಲಿ.

ಬಟನ್‌ಗಳಿಗೆ "ಮುಂದೆ", "ಇಲ್ಲಿ ಒತ್ತಿ" ಬೇಡ. "ಮಕ್ಕಳ ವಿಭಾಗಕ್ಕೆ ಹೋಗಿ" ಎಂದೇ ಬರೆಯಿರಿ.

ಇಳಿಜಾರು

ಗಾಲಿಕುರ್ಚಿ ಬಳಸುವವಳಾಗಿ ಒಂದು ಮಾತು ಸೇರಿಸುತ್ತೇನೆ. ನಾವು ಟೂರ್ ತೆರೆಯುವುದು ಬಹುಪಾಲು ಮನರಂಜನೆಗಲ್ಲ. ಹೋಗುವ ಮೊದಲು ಒಳಗೆ ಬರಲಾಗುತ್ತದೆಯೇ ಎಂದು ನೋಡಲು. ಕ್ಯಾಮೆರಾ ಕಣ್ಣೆತ್ತರದಲ್ಲಿ ಇರುವುದರಿಂದ ಹೊಸ್ತಿಲು ಇದೆಯೋ ಇಲ್ಲವೋ ಕಾಣುವುದೇ ಇಲ್ಲ, ಕಾಲ ಬುಡವನ್ನು ಟ್ರೈಪಾಡ್ ಮುಚ್ಚುವ ಲೋಗೋ ಬೇರೆ ನುಂಗಿರುತ್ತದೆ. ಮೆಟ್ಟಿಲು ಎಷ್ಟು, ಹಿಡಿದುಕೊಳ್ಳುವ ಕಂಬಿ ಯಾವ ಕಡೆ, ಬಾಗಿಲ ಅಗಲ ಎಷ್ಟು, ಲಿಫ್ಟ್ ಎಲ್ಲಿ ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಅಗಲವನ್ನು ಅಳತೆಪಟ್ಟಿ ಹಿಡಿದು ಅಳೆಯಿರಿ, ಪನೋರಮಾದಲ್ಲಿ ಕಣ್ಣಂದಾಜು ಕೆಲಸಕ್ಕೆ ಬಾರದು.

ತಲೆಸುತ್ತು

ಪುಟ ತೆರೆದ ಕೂಡಲೇ ತನ್ನಷ್ಟಕ್ಕೆ ತಿರುಗುವ ಆ ಆಟೋರೊಟೇಟ್ ತೆಗೆಯಿರಿ, ದಮ್ಮಯ್ಯ. ಒಳಕಿವಿಯ ಸಮತೋಲನದ ತೊಂದರೆ ಇರುವ ನನ್ನಂಥವರಿಗೆ ಅದು ಓಕರಿಕೆಗೆ ದಾರಿ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವುದಕ್ಕೆ ನಿಲ್ಲಿಸುವ ಉಪಾಯ ಇರಬೇಕೆಂದು ಡಬ್ಲ್ಯೂಸಿಎಜಿಯ 2.2.2 ಹೇಳುತ್ತದೆ, ಆದರೆ ನಿಲ್ಲಿಸುವ ಬಟನ್ ಹುಡುಕುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತದೆ. ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್ (ಚಲನೆ ಕಡಿಮೆ ಇರಲಿ ಎಂಬ ಸೆಟ್ಟಿಂಗ್) ಆನ್ ಇದ್ದವರಿಗೆ ಲುಕ್‌ಅಟ್‌ನ ಆ್ಯನಿಮೇಷನ್‌ಗೂ ಫಾಲ್ಸ್ ಕೊಡಿ, ಚಿತ್ರ ಜಾರದೆ ಒಮ್ಮೆಗೇ ಆ ಕಡೆ ಬಂದು ನಿಲ್ಲಲಿ. ಫೋನ್ ತಿರುಗಿಸಿದರೆ ನೋಟ ತಿರುಗುವ ಸೌಲಭ್ಯವೂ ಕೇಳಿದವರಿಗೆ ಮಾತ್ರ.

ಸುತ್ತುನೋಟ

ಐಫ್ರೇಮ್ ತೆಗೆದೆ, ಪಟ್ಟಿ ಕೆಳಗೆ ಬಂತು, ಆಟೋರೊಟೇಟ್ ಹೋಯಿತು. ಬಿಳಿಗೋಡೆಯ ಮೇಲೆ ಕಾಣದಿದ್ದ ಬಿಳಿ ಹಾಟ್‌ಸ್ಪಾಟ್‌ಗಳಿಗೆ ಕಪ್ಪು ಅಂಚು ಕೊಟ್ಟೆ. ಟ್ಯಾಬ್ ಈಗ ಎಲ್ಲೂ ಕಳೆದುಹೋಗುತ್ತಿಲ್ಲ. ಉಳಿದದ್ದು ಒಂದು ಕಿರಿಕಿರಿ: ಮಕ್ಕಳ ವಿಭಾಗಕ್ಕೆ ಹೋದರೆ ಎನ್‌ವಿಡಿಎ "ಮಕ್ಕಳ ವಿಭಾಗ" ಎಂದು ಮೂರು ಸಲ ಹೇಳುತ್ತದೆ. ಸೀನ್‌ಚೇಂಜ್ ಮತ್ತು ಲೋಡ್ ಎರಡೂ ಈವೆಂಟ್‌ನಲ್ಲಿ ಲೈವ್ ರೀಜನ್ ಬದಲಿಸುತ್ತಿದ್ದೇನೆ, ಹೆಡಿಂಗ್‌ಗೆ ಫೋಕಸ್ ಕೂಡ ಕಳಿಸುತ್ತಿದ್ದೇನೆ.

ಕೀಲಿಮಣೆ

ಹೇಳಿದ್ದು ಮೂರು ಕಡೆಯಿಂದ, ಅದಕ್ಕೇ ಮೂರು ಸಲ. ಸೀನ್‌ಚೇಂಜ್ ಬರುವುದು ಬದಲಾವಣೆ ಶುರುವಾದಾಗ, ಲೋಡ್ ಬರುವುದು ಹೊಸ ಚಿತ್ರ ಸಿದ್ಧವಾದಾಗ. ಸೀನ್‌ಚೇಂಜ್‌ನಲ್ಲಿ ಲೈವ್ ರೀಜನ್‌ಗೆ "ತೆರೆಯುತ್ತಿದೆ" ಎಂದಷ್ಟೇ ಹಾಕಿ. ಲೋಡ್ ಆದಮೇಲೆ ಅದನ್ನು ಖಾಲಿ ಮಾಡಿ, ಪಟ್ಟಿ ಮತ್ತು ವಿವರಣೆ ಬದಲಿಸಿ, ಟ್ಯಾಬ್‌ಇಂಡೆಕ್ಸ್ ಮೈನಸ್ ಒಂದು ಇರುವ ಹೆಡಿಂಗ್‌ಗೆ ಫೋಕಸ್ ಕಳಿಸಿ. ಫೋಕಸ್ ಬಂದ ಹೆಡಿಂಗನ್ನು ಸ್ಕ್ರೀನ್ ರೀಡರ್ ತಾನೇ ಓದುತ್ತದೆ. ಪುಟ ಮೊದಲ ಸಲ ತೆರೆದಾಗಲೂ ಲೋಡ್ ಬರುತ್ತದೆ, ಆಗ ಮಾತ್ರ ಫೋಕಸ್ ಕದಿಯಬೇಡಿ.

ಕಿವಿಯೋದು

ಈಗಷ್ಟೇ ಹೋಗಿ ಕೇಳಿದೆ. ಒಂದೇ ಸಲ ಹೇಳುತ್ತದೆ. ಕೆಳಬಾಣ ಒತ್ತಿದರೆ ವಿವರಣೆ, ಆಮೇಲೆ ದಾರಿಗಳು. ಆದರೆ ಮಕ್ಕಳ ವಿಭಾಗದಿಂದ ವಾಚನಾಲಯಕ್ಕೆ ವಾಪಸ್ ಬಂದರೆ ಈಗಲೂ "ಮುಖ್ಯ ಬಾಗಿಲಿಗೆ ಬೆನ್ನು ಹಾಕಿ" ಎನ್ನುತ್ತದೆ. ನಾನು ಬಂದದ್ದು ಎಡಗಡೆಯ ಬಾಗಿಲಿಂದ.

ಸುತ್ತುನೋಟ

ಬಂದ ಬಾಗಿಲಿಗೆ ತಕ್ಕಂತೆ ವಿವರಣೆ ಬರೆಯಹೋದರೆ ಒಂದೊಂದು ಕೋಣೆಗೂ ಎರಡು ಮೂರು ಆಗುತ್ತವಲ್ಲ?

ಕಿವಿಯೋದು

ಬೇಡ. "ಮುಖ್ಯ ಬಾಗಿಲಿನಿಂದ ನೋಡಿದರೆ" ಎಂದು ಶುರು ಮಾಡಿ. ಯಾವ ಕಡೆಯಿಂದ ಬಂದರೂ ಸರಿಹೋಗುತ್ತದೆ.