ಸಹಾಯ ಬೇಕು: ತಂಗಿಯ ಮೈಗ್ರೇನ್ ಎಲ್ಲಿ ತೋರಿಸಲಿ?

ಅಕ್ಕಾರೇ, ಅಣ್ಣಾರೇ, ನಮಸ್ಕಾರ. ನಾವು ಹುಬ್ಬಳ್ಳಿ ನವನಗರದವರು. ನನ್ನ ತಂಗಿಗೆ ಪದೇ ಪದೇ ಅರ್ಧ ತಲೆನೋವು ಬರುತ್ತದೆ. ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಬೆಳಕಿನ ಗೆರೆಗಳು. ಆಮೇಲೆ ತಲೆಯ ಒಂದೇ ಕಡೆ ಬಡಿದಂಥ ನೋವು, ವಾಂತಿ. ಬೆಳಕು, ಸದ್ದು, ಒಗ್ಗರಣೆ ವಾಸನೆ ಯಾವುದನ್ನೂ ತಡೆದುಕೊಳ್ಳಲು ಆಗುವುದಿಲ್ಲ. "ಪಿತ್ತ ಆಗೇತಿ, ಸುಮ್ನ ಮಲಕೋ" ಅಂತಾರೆ ಮನೆಯ ಹಿರಿಯರು. ಆದರೆ ಇದು ಮಿದುಳು, ನರಗಳ ತೊಂದರೆ ಅಲ್ವಾ? ಔಷಧಿ ಸಿಗದಿದ್ದರೆ ನೋವು 4ರಿಂದ 72 ಗಂಟೆಯವರೆಗೂ ಇರುತ್ತದೆ.

ನನಗೆ ಜಾಸ್ತಿ ಹೆದರಿಕೆ ಮೆಡಿಕಲ್ ಶಾಪಿನ ಮಾತ್ರೆಗಳದ್ದು. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನಕ್ಕೂ ಮೇಲೆ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಕೆಲವು ಮಾತ್ರೆಗಳಿಗೆ 10 ದಿನವೇ ಸಾಕು. ಅವಳು ಆ ಹಾದಿಯಲ್ಲೇ ಇದ್ದಾಳೆ.

ಧಾರವಾಡದ ಡಿಮ್ಹಾನ್ಸ್‌ನಲ್ಲಿ (ಮಾನಸಿಕ ಆರೋಗ್ಯ, ನರರೋಗಗಳ ಆಸ್ಪತ್ರೆ) ಮೈಗ್ರೇನ್‌ಗೆ ತೋರಿಸಿದವರು ಇದ್ದೀರಾ? ನರರೋಗದ ಡಾಕ್ಟರು ಯಾವ ವಾರ ಸಿಗುತ್ತಾರೆ? ಬೇರೆ ಡಾಕ್ಟರ ಚೀಟಿ ಬೇಕಾ?

ಇನ್ನೊಂದು ಮಾತು. ನೋವು ಬರದಂತೆ ದಿನಾ ತಗೊಳ್ಳುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಆಗುವುದಿಲ್ಲ. ತಂಗಿಗೆ ಅಸ್ತಮಾ ಇದೆ. ನಿಮ್ಮಲ್ಲಿ ಹೀಗೆ ಎರಡೂ ಇರುವವರಿಗೆ ಡಾಕ್ಟರು ಏನು ಕೊಟ್ಟರು, ಅದು ಹಿಡಿಸಿತಾ? ದಯವಿಟ್ಟು ತಿಳಿಸಿ, ಅದನ್ನೇ ಡಾಕ್ಟರ ಹತ್ತಿರ ಕೇಳುತ್ತೇನೆ.