ನೆಪ್ಚೂನ್‌ನ ದೊಡ್ಡ ಚಂದ್ರ ಉಲ್ಟಾ ಸುತ್ತುವುದೇಕೆ?

ಪ್ರಶ್ನೆ (ಮದ್ದೂರಿನ ಕಡೆಯ ರೈತರು): ನಮಸ್ಕಾರ ಸರ್. ಮಗಳು ಒಂಬತ್ತನೇ ಕ್ಲಾಸು. ನೆಪ್ಚೂನ್ ಗ್ರಹ ತಿರುಗೋದು ಒಂದು ಕಡೆಗೆ, ಅದರ ಚಂದ್ರ ಟ್ರೈಟನ್ ಸುತ್ತೋದು ಎದುರು ಕಡೆಗೆ ಅಂತ ಓದಿಕೊಂಡು ಬಂದವ್ಳೆ. ಆಲೆಮನೆ ಗಾಣದಲ್ಲಿ ಎತ್ತು ಒಂದೇ ದಿಕ್ಕಿಗೆ ಸುತ್ತೋದನ್ನ ನಾನು ಚಿಕ್ಕಂದಿನಲ್ಲಿ ನೋಡಿದ್ದೀನಿ. ಈ ಚಂದ್ರ ಯಾಕೆ ಹೀಗೆ? ಉಲ್ಟಾ ಹೋದರೆ ಗ್ರಹದ ಮೇಲೆ ಬೀಳಲ್ವಾ?

ಉತ್ತರ (ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು): ನಮಸ್ಕಾರ. ಗಾಣದ ಹೋಲಿಕೆಯನ್ನೇ ಹಿಡಿಯೋಣ. ಗ್ರಹದ ಸುತ್ತ ತಿರುಗುತ್ತಿದ್ದ ಅನಿಲ ಮತ್ತು ಧೂಳಿನ ತಟ್ಟೆಯಲ್ಲೇ ಹುಟ್ಟಿದ ಚಂದ್ರಗಳು ಗ್ರಹ ತಿರುಗುವ ದಿಕ್ಕಿಗೇ ಸುತ್ತುತ್ತವೆ. ಎದುರು ದಿಕ್ಕಿಗೆ ಹೋಗುವ ಸಣ್ಣಪುಟ್ಟ ಚಂದ್ರಗಳು ಬೇರೆ ಗ್ರಹಗಳಿಗೂ ಇವೆ. ಆದರೆ ದೊಡ್ಡ ಚಂದ್ರಗಳ ಪೈಕಿ ಹಾಗೆ ಸುತ್ತುವುದು ಟ್ರೈಟನ್ ಒಂದೇ. ಅಂದರೆ ಅದು ಆ ಮನೆಯ ಹಟ್ಟಿಯಲ್ಲಿ ಹುಟ್ಟಿದ ಎತ್ತಲ್ಲ, ಹೊರಗಿನಿಂದ ಬಂದದ್ದು.

ಎಲ್ಲಿಂದ? ನೆಪ್ಚೂನ್‌ನಿಂದಾಚೆ ಹಿಮಕಾಯಗಳು ಸುತ್ತುವ, ಪ್ಲೂಟೋ ಇರುವ ಕೈಪರ್ ಪಟ್ಟಿಯಿಂದ. ಟ್ರೈಟನ್‌ನ ಅಡ್ಡಳತೆ ಸುಮಾರು 2,700 ಕಿ.ಮೀ., ಪ್ಲೂಟೋದ್ದು ಸುಮಾರು 2,377. ಎರಡರ ಮೈಮೇಲೂ ಸಾರಜನಕದ ಹಿಮ, ಮೀಥೇನ್. ಒಂದೇ ಊರಿನವರೆಂದು ಮುಖ ನೋಡಿಯೇ ಹೇಳಬಹುದು.

ಆದರೆ ಹಾದುಹೋಗುವ ಕಾಯವನ್ನು ಗ್ರಹ ಸುಲಭವಾಗಿ ಹಿಡಿದಿಟ್ಟುಕೊಳ್ಳಲಾರದು. ಅದು ಬಂದ ವೇಗದಲ್ಲೇ ಹೊರಟುಹೋಗುತ್ತದೆ. 2006ರಲ್ಲಿ ಆಗ್ನರ್ ಮತ್ತು ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು ಒಂದು ದಾರಿ ತೋರಿಸಿದರು: ಟ್ರೈಟನ್ ಒಂಟಿಯಾಗಿ ಬರಲಿಲ್ಲ, ಜೊತೆಗಾರ ಕಾಯವೊಂದರೊಡನೆ ಸುತ್ತಿಕೊಳ್ಳುತ್ತಾ ಬಂತು. ನೆಪ್ಚೂನ್‌ನ ಸೆಳೆತ ಜೋಡಿಯನ್ನು ಮುರಿಯಿತು. ಜೊತೆಗಾರ ಹೆಚ್ಚಿನ ವೇಗವನ್ನು ಹೊತ್ತು ದೂರ ಹೋಯಿತು, ಟ್ರೈಟನ್ ಉಳಿಯಿತು. ನನಗೆ ಇದೇ ಎಲ್ಲಕ್ಕಿಂತ ಒಪ್ಪುವ ವಿವರಣೆ.

ಈ ಆಗಮನ ಹಳೆಯ ಚಂದ್ರಗಳಿಗೆ ಒಳ್ಳೆಯದಾಗಲಿಲ್ಲ. ಇಂದು ನೆಪ್ಚೂನ್‌ಗೆ ಗೊತ್ತಿರುವ 16 ಚಂದ್ರಗಳ ಒಟ್ಟು ತೂಕದಲ್ಲಿ ಶೇ. 99ಕ್ಕೂ ಹೆಚ್ಚು ಟ್ರೈಟನ್ ಒಂದರದ್ದೇ. ನೆರೀಡ್ ಎಂಬ ಚಂದ್ರ ಗ್ರಹದಿಂದ ಒಮ್ಮೆ 14 ಲಕ್ಷ ಕಿ.ಮೀ., ಇನ್ನೊಮ್ಮೆ 96 ಲಕ್ಷ ಕಿ.ಮೀ. ದೂರದಲ್ಲಿರುತ್ತದೆ. ಅಷ್ಟು ಎಳೆದ ದಾರಿ ಅದರದು. 2013ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಸಿಕ್ಕ ಹಿಪೊಕ್ಯಾಂಪ್ ಎಂಬ ಚಂದ್ರ ಸುಮಾರು 35 ಕಿ.ಮೀ. ಅಗಲ, ಮಂಡ್ಯದಿಂದ ಮೈಸೂರಿನ ದೂರದಷ್ಟೂ ಇಲ್ಲ.

ಇನ್ನು ಬೀಳುವ ಮಾತು. ಮಗಳ ಪರವಾಗಿ ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ. ಟ್ರೈಟನ್‌ನ ಸೆಳೆತಕ್ಕೆ ನೆಪ್ಚೂನ್‌ನ ಮೈ ಕೊಂಚ ಉಬ್ಬುತ್ತದೆ. ಗ್ರಹ 16 ಗಂಟೆಗೊಮ್ಮೆ ಎದುರು ದಿಕ್ಕಿಗೆ ತಿರುಗುವುದರಿಂದ ಆ ಉಬ್ಬು ಟ್ರೈಟನ್‌ನನ್ನು ಸದಾ ಹಿಂದಕ್ಕೆ ಜಗ್ಗುತ್ತದೆ. ಹಾಗಾಗಿ ಅದು ನಿಧಾನವಾಗಿ ಒಳಗೆ ಬರುತ್ತಿದೆ. ನಮ್ಮ ಚಂದ್ರನದು ಇದಕ್ಕೆ ವಿರುದ್ಧ: ಭೂಮಿ ತಿರುಗುವ ದಿಕ್ಕಿಗೇ ಸುತ್ತುತ್ತಾನೆ, ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಾನೆ. ಟ್ರೈಟನ್‌ಗೆ ಇನ್ನೂ ಸುಮಾರು 360 ಕೋಟಿ ವರ್ಷ ಇದೆ ಎಂದು ಲೆಕ್ಕ ಹಾಕಿದ್ದಾರೆ. ಆಮೇಲೆ ಅದು ಗ್ರಹದ ಸೆಳೆತಕ್ಕೆ ಚೂರಾಗಿ ಶನಿಗಿರುವಂಥ ಉಂಗುರವಾಗಬಹುದು.

ಪ್ರಶ್ನೆ (ಮೈಸೂರಿನ ಪಿಯುಸಿ ವಿದ್ಯಾರ್ಥಿನಿ): ಸರ್, ಟ್ರೈಟನ್ ಮೇಲೆ ಮೈನಸ್ 235 ಡಿಗ್ರಿ ಚಳಿ. ಆದರೂ ಬುಗ್ಗೆಗಳು ಚಿಮ್ಮುತ್ತವಂತೆ, ಹೇಗೆ?

ಉತ್ತರ: ಚಿಮ್ಮುವುದು ಬಿಸಿನೀರಲ್ಲಮ್ಮ, ಸಾರಜನಕ. ಅಲ್ಲಿನ ಸಾರಜನಕದ ಹಿಮ ಗಾಜಿನಂತೆ ತಿಳಿ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು ಒಳಗೇ ಕಾಯುವ ಹಾಗೆ, ಹಿಮದಡಿಯ ಕಪ್ಪು ಪದರ ಕಾಯುತ್ತದೆ. ನಾಲ್ಕೇ ಡಿಗ್ರಿ ಏರಿದರೂ ಸಾಕು, ಸಾರಜನಕ ಅನಿಲವಾಗಿ ಒತ್ತಡ ಕಟ್ಟಿ ಬಿರುಕು ಸಿಕ್ಕಲ್ಲಿ ನುಗ್ಗುತ್ತದೆ. ಹೆಚ್ಚಿನವರು ಒಪ್ಪಿರುವ ವಿವರಣೆ ಇದು. 1989ರ ಆಗಸ್ಟ್ 25ರಂದು ವಾಯೇಜರ್ 2 ನೌಕೆ ಪಕ್ಕದಲ್ಲಿ ಹಾದುಹೋದಾಗ ಈ ಕಪ್ಪು ಕಂಬಗಳು 8 ಕಿ.ಮೀ. ಎತ್ತರಕ್ಕೆ ಏರಿ, ಅಲ್ಲಿಂದ ಗಾಳಿಗೆ ನೂರು ಕಿ.ಮೀ.ಗೂ ಹೆಚ್ಚು ದೂರ ಹರಡಿದ್ದು ಕಂಡಿತು.

ಅದೇ ನೌಕೆ ತೆಗೆದ ಇನ್ನೊಂದು ಚಿತ್ರವನ್ನೂ ತಪ್ಪದೆ ನೋಡಮ್ಮ. ಟ್ರೈಟನ್‌ನ ಒಂದು ಭಾಗದ ನೆಲ ಥೇಟ್ ಕರಬೂಜದ ಸಿಪ್ಪೆ. ಹೆಸರೂ ಆ ಹಣ್ಣಿನದೇ. ಕುಳಿಗಳು ಬಹಳ ಕಡಿಮೆ, ಅಂದರೆ ನೆಲ ಹೊಸದು. ಸೆರೆಸಿಕ್ಕ ಮೇಲೆ ಎಳೆದ ದಾರಿ ದುಂಡಗಾಗುವಾಗ ಅದರ ಒಡಲು ಹಿಂಡಿ ಬಿಸಿಯಾಗಿದ್ದಿರಬೇಕು. ವಾಯೇಜರ್ ನೋಡಿದ್ದು ಸುಮಾರು ಶೇ. 40 ಭಾಗ ಮಾತ್ರ. ಅಂದಿನಿಂದ ಇನ್ನೊಂದು ನೌಕೆ ಆ ಕಡೆ ಹೋಗಿಲ್ಲ ಎನ್ನುವುದು ನನಗೆ ನಿಜಕ್ಕೂ ಸಂಕಟ.

ಪ್ರಶ್ನೆ (ಮದ್ದೂರಿನ ರೈತರು): ಮಗಳಿಗೆ ತೋರಿಸಬಹುದಾ ಸರ್?

ಉತ್ತರ: ಬೈನಾಕ್ಯುಲರ್‌ನಲ್ಲಿ ನೆಪ್ಚೂನ್ ಒಂದು ಚುಕ್ಕಿಯಾಗಿ ಕಾಣುತ್ತದೆ. ಟ್ರೈಟನ್‌ಗೆ ಹತ್ತು ಹನ್ನೆರಡು ಇಂಚಿನ ದೂರದರ್ಶಕ, ಕಗ್ಗತ್ತಲು ಎರಡೂ ಬೇಕು. ಈಗಿನ ವರ್ಷಗಳಲ್ಲಿ ನೆಪ್ಚೂನ್ ಚೆನ್ನಾಗಿ ಕಾಣುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ದಸರಾ ದೀಪಗಳ ಬೆಳಕಿನಲ್ಲಿ ಮೈಸೂರಿನಿಂದ ಆಗದು. ಮೇಲುಕೋಟೆ ಕಡೆ ಬಯಲಿಗೆ ಹೋಗಿ, ಮಳೆ ಮೋಡ ಇಲ್ಲದ ದಿನ ನೋಡಿ. ದೂರದರ್ಶಕ ಇರುವವರು ನಮ್ಮ ಈ ಪ್ರಶ್ನೋತ್ತರ ಗುಂಪಿನಲ್ಲೇ ಸಿಗಬಹುದು, ನಾನೂ ವಿಚಾರಿಸುತ್ತೇನೆ. ಏಳು ರಾತ್ರಿ ಬಿಡದೆ ಮಗಳು ಗ್ರಹದ ಪಕ್ಕದ ಆ ಸಣ್ಣ ಚುಕ್ಕಿ ಎಲ್ಲಿದೆಯೆಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಲಿ. 5 ದಿನ 21 ಗಂಟೆಗೆ ಅದು ಮೊದಲಿದ್ದ ಕಡೆಗೇ ಬಂದಿರುತ್ತದೆ.